ಸೇಬಿನ ಬೇರಿನಿಂದ ಶಿಡ್ಲಘಟ್ಟದ ಸೊಪ್ಪಿನವರೆಗೆ

ಚಿಂತಾಮಣಿಯ ಯಾವುದಾದರೂ ಔಷಧಿ ಅಂಗಡಿ ಮುಂದೆ ಸಂಜೆ ಹೊತ್ತು ಸ್ವಲ್ಪ ನಿಂತು ನೋಡಿ. ‘ಅಣ್ಣಾ, ಶುಗರ್ ಮಾತ್ರೆ, ಒಂದು ತಿಂಗಳಿಗಾಗೋಷ್ಟು ಕೊಡು’ ಎಂದು ಚೀಟಿ ಚಾಚುವವರು ಒಬ್ಬರ ಹಿಂದೊಬ್ಬರು ಬರುತ್ತಲೇ ಇರುತ್ತಾರೆ. ಈಚಿನ ವರ್ಷಗಳಲ್ಲಿ ಆ ಚೀಟಿಗಳಲ್ಲಿ ಮತ್ತೆ ಮತ್ತೆ ಕಾಣುವ ಹೆಸರೊಂದಿದೆ: ಡಪಾಗ್ಲಿಫ್ಲೋಜಿನ್. ಬಾಯಿ ತಿರುಗದ ಹೆಸರು, ಬಟಾಣಿಯಷ್ಟೂ ಇರದ ಮಾತ್ರೆ. ಅದೇ ರಸ್ತೆಯಲ್ಲಿ ನಾಲ್ಕು ಹೆಜ್ಜೆ ಆಚೆ ತಳ್ಳುಗಾಡಿಯಲ್ಲಿ ಸೇಬು ಗುಡ್ಡೆ ಹಾಕಿಕೊಂಡು ಒಬ್ಬರು ಕೂಗುತ್ತಿರುತ್ತಾರೆ. ಅಂಗಡಿಯ ಆ ಮಾತ್ರೆಯೂ ಗಾಡಿಯ ಈ ಹಣ್ಣೂ ಒಂದೇ ಮರದ ಕುಲದವು ಎಂದರೆ ನಂಬುತ್ತೀರಾ?

ನಂಬಲೇಬೇಕು! ಕಥೆ ಶುರುವಾಗುವುದು 1835ರಲ್ಲಿ, ಬೆಲ್ಜಿಯಂ ದೇಶದಲ್ಲಿ. ಚಳಿಜ್ವರಕ್ಕೆ ಸಿಂಕೋನಾ ಮರದ ಕಹಿ ತೊಗಟೆಯೇ ಮದ್ದಾಗಿದ್ದ ಕಾಲ ಅದು. ಕಹಿ ತೊಗಟೆ ಕಂಡಲ್ಲೆಲ್ಲ ಕೆರೆದು, ಕುದಿಸಿ, ಅದರಲ್ಲಿ ಏನಿದೆ ಎಂದು ಹುಡುಕುತ್ತಿದ್ದರು. ಡಿ ಕೋನಿಂಕ್ ಮತ್ತು ಸ್ಟಾಸ್ ಎಂಬಿಬ್ಬರು ರಸಾಯನ ಶಾಸ್ತ್ರಜ್ಞರು ಸೇಬಿನ ಮರದ ಬೇರಿನ ತೊಗಟೆ ತೆಗೆದುಕೊಂಡರು. ಅದರಿಂದ ಬಂದ ಕಹಿ ವಸ್ತುವಿಗೆ ಫ್ಲೋರಿಜಿನ್ ಎಂಬ ಹೆಸರಾಯಿತು. ಇನ್ನೊಂದು ಜ್ವರದ ಮದ್ದು ಸಿಕ್ಕಿತೆಂದು ಆಗ ಎಲ್ಲರೂ ಅಂದುಕೊಂಡರು.

ಐವತ್ತು ವರ್ಷ ಕಳೆಯಿತು. 1886ರಲ್ಲಿ ಯೋಸೆಫ್ ಫಾನ್ ಮೇರಿಂಗ್ ಎಂಬ ಜರ್ಮನ್ ವೈದ್ಯ ಈ ಕಹಿ ಪುಡಿಯನ್ನು ನಾಯಿಗಳಿಗೆ ತಿನ್ನಿಸಿ ನೋಡಿದ. ನಾಯಿಗಳ ಮೂತ್ರದಲ್ಲಿ ಸಕ್ಕರೆ ಹೋಗತೊಡಗಿತು! ಸಕ್ಕರೆ ಕಾಯಿಲೆ ಇಲ್ಲದ ನಾಯಿಗಳು ಅವು. ಹಾಗಾದರೆ ಸಕ್ಕರೆ ಯಾಕೆ ಹೊರಗೆ ಹೋಗಬೇಕು? ಇದೇ ಮೇರಿಂಗ್ ಮೂರು ವರ್ಷದ ನಂತರ ಮಿಂಕೋವ್‌ಸ್ಕಿ ಎಂಬ ಇನ್ನೊಬ್ಬ ವೈದ್ಯನ ಜೊತೆ ಸೇರಿ, ಮೇದೋಜೀರಕ ಗ್ರಂಥಿ ತೆಗೆದರೆ ಸಕ್ಕರೆ ಕಾಯಿಲೆ ಬರುತ್ತದೆಂದು ತೋರಿಸಿದ. ಇನ್ಸುಲಿನ್ನಿನ ಹುಡುಕಾಟಕ್ಕೆ ದಾರಿ ಆಗಿದ್ದು ಆ ಪ್ರಯೋಗ. ಸಕ್ಕರೆ ಕಾಯಿಲೆಯ ಎರಡು ದೊಡ್ಡ ಬಾಗಿಲುಗಳನ್ನು ಒಬ್ಬನೇ ಮನುಷ್ಯ ತಟ್ಟಿದ್ದ. ಒಂದು ಬೇಗ ತೆರೆಯಿತು. ಸೇಬಿನ ಬೇರಿನ ಬಾಗಿಲು ತೆರೆಯುವುದಕ್ಕೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಒಳಗೆ ನಡೆಯುತ್ತಿದ್ದುದು ಇದು. ನಮ್ಮ ಮೂತ್ರಪಿಂಡಗಳು ದಿನಕ್ಕೆ ಹೆಚ್ಚುಕಡಿಮೆ 180 ಗ್ರಾಂ ಗ್ಲೂಕೋಸನ್ನು ರಕ್ತದಿಂದ ಸೋಸಿ, ಒಂದು ಚೂರೂ ಪೋಲಾಗದಂತೆ ಮತ್ತೆ ರಕ್ತಕ್ಕೇ ಸೇರಿಸುತ್ತವೆ. ಹೀಗೆ ಹಿಂದಕ್ಕೆ ಎಳೆದುಕೊಳ್ಳುವುದಕ್ಕೆ ಅಲ್ಲಿ ಸಣ್ಣ ಸಾಗಣೆದಾರರಿದ್ದಾರೆ, ಎಸ್‌ಜಿಎಲ್‌ಟಿ ಎಂಬ ಪ್ರೋಟೀನುಗಳು. ಸೇಬಿನ ಬೇರಿನ ಫ್ಲೋರಿಜಿನ್ ಆ ಸಾಗಣೆದಾರರ ಕೈ ಕಟ್ಟಿಹಾಕುತ್ತದೆ. ಸಕ್ಕರೆ ವಾಪಸು ಬರಲಾಗದೆ ಮೂತ್ರದ ದಾರಿ ಹಿಡಿಯುತ್ತದೆ. ಆದರೆ ಫ್ಲೋರಿಜಿನ್ನನ್ನೇ ಮಾತ್ರೆ ಮಾಡಿ ನುಂಗಿದರೆ ಕರುಳಿನಲ್ಲೇ ಒಡೆದುಹೋಗುತ್ತದೆ, ಹೊಟ್ಟೆಯನ್ನೂ ಕೆಡಿಸುತ್ತದೆ. ಅದಕ್ಕೇ ವಿಜ್ಞಾನಿಗಳು ಅದರ ಅಚ್ಚು ಹಿಡಿದುಕೊಂಡು, ಕರುಳಿನಲ್ಲಿ ಒಡೆಯದ, ಮೂತ್ರಪಿಂಡದಲ್ಲಷ್ಟೇ ಕೆಲಸ ಮಾಡುವ ಅಣುಗಳನ್ನು ಕಟ್ಟಿದರು. ಅವುಗಳಲ್ಲೊಂದು ಡಪಾಗ್ಲಿಫ್ಲೋಜಿನ್. 2012ರಲ್ಲಿ ಯುರೋಪಿನಲ್ಲಿ, 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2020ರ ಅಕ್ಟೋಬರಿನಲ್ಲಿ ಭಾರತದಲ್ಲಿ ಅದರ ಪೇಟೆಂಟ್ ಮುಗಿಯಿತು. ನಮ್ಮ ಕಂಪನಿಗಳೇ ತಯಾರಿಸತೊಡಗಿ ಬೆಲೆ ಇಳಿದು, ಮಾತ್ರೆ ತಾಲ್ಲೂಕಿನ ಅಂಗಡಿಗೂ ಬಂತು. ಈಗ ಹೃದಯ ಸೋತವರಿಗೆ, ಮೂತ್ರಪಿಂಡ ದುರ್ಬಲವಾದವರಿಗೆ ಕೂಡ ಅದನ್ನು ಬರೆಯುತ್ತಾರೆ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಬೆಂಬಲದ ಸಮೀಕ್ಷೆ 2023ರಲ್ಲಿ ಹೇಳಿತು. ಅವರಲ್ಲಿ ಎಷ್ಟೋ ಜನ ಬೆಳಗಾದರೆ ಸೇಬಿನ ಮರಕ್ಕೆ ಋಣಿಯಾಗುತ್ತಿದ್ದಾರೆ, ಗೊತ್ತಿಲ್ಲದೆಯೇ!

ಇಷ್ಟು ತಿಳಿದ ಮೇಲೆ ತಳ್ಳುಗಾಡಿಯ ಹಣ್ಣನ್ನು ಸುಮ್ಮನೆ ನೋಡಲು ಮನಸ್ಸು ಬರುವುದಿಲ್ಲ. ಒಂದು ಸೇಬು ತನ್ನಿ, ಚಾಕು ತನ್ನಿ. ಎಂದಿನಂತೆ ತೊಟ್ಟಿನಿಂದ ಕೆಳಕ್ಕೆ ಹೆಚ್ಚಬೇಡಿ. ಹಣ್ಣನ್ನು ಮಗ್ಗುಲಾಗಿ ಮಲಗಿಸಿ, ನಟ್ಟನಡುವೆ ಅಡ್ಡಕ್ಕೆ ಕತ್ತರಿಸಿ. ಎರಡು ಹೋಳು ಬಿಚ್ಚಿದ ಕೂಡಲೇ ಮಧ್ಯದಲ್ಲಿ ಐದು ಮೂಲೆಯ ನಕ್ಷತ್ರ! ಒಂದೊಂದು ಮೂಲೆಯೂ ಒಂದೊಂದು ಕೋಣೆ, ಕೋಣೆಯೊಳಗೆ ಹೊಳೆಯುವ ಕಂದು ಬೀಜ. ಸೇಬಿನ ಹೂವಿಗೆ ಐದು ಎಸಳು, ಆ ಐದರ ಲೆಕ್ಕ ಹಣ್ಣಿನ ಹೊಟ್ಟೆಯವರೆಗೂ ಬಂದಿದೆ. ಇನ್ನೊಂದು ಹೂವಿನ ಕುಲದಲ್ಲೂ ಇದೇ ಲೆಕ್ಕ: ಗುಲಾಬಿ. ಹೌದು, ಸೇಬು ಗುಲಾಬಿಯ ಕುಟುಂಬದ ಗಿಡ. ಬೆಳಗಿನ ಜಾವ ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಗೆ ಮೂಟೆಮೂಟೆ ಬಂದಿಳಿಯುವ ಗುಲಾಬಿಗೂ ಕಾಶ್ಮೀರದಿಂದ ಲಾರಿಯಲ್ಲಿ ಬರುವ ಸೇಬಿಗೂ ಒಬ್ಬಳೇ ಮುತ್ತಜ್ಜಿ!

ಹೆಚ್ಚಿದ ಹೋಳು ನೋಡುತ್ತಿದ್ದಂತೆ ಕಂದಾಗುತ್ತದೆ. ಹಣ್ಣು ಕೆಟ್ಟಿತೆಂದು ಮಕ್ಕಳು ಮುಖ ತಿರುಗಿಸುತ್ತಾರೆ. ಆದರೆ ಅಲ್ಲಿ ನಡೆಯುತ್ತಿರುವುದೇ ಬೇರೆ. ಹಣ್ಣಿನಲ್ಲಿರುವ ಪಾಲಿಫಿನಾಲ್‌ಗಳು ಗಾಯವಾದ ಜಾಗದಲ್ಲಿ ಗಾಳಿಯ ಆಮ್ಲಜನಕವನ್ನು ಹಿಡಿದುಕೊಳ್ಳುತ್ತಿವೆ, ಒಂದು ಕಿಣ್ವ ಆ ಕೆಲಸವನ್ನು ಚುರುಕು ಮಾಡುತ್ತಿದೆ. ಒಂದು ತೊಟ್ಟು ನಿಂಬೆರಸ ಸವರಿದರೆ ನಿಧಾನವಾಗುತ್ತದೆ. ಯಾವ ವಸ್ತುಗಳಿಂದ ಹೋಳು ಕಂದಾಯಿತೋ ಅವನ್ನೇ ವಿಜ್ಞಾನಿಗಳು ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಬೆನ್ನಟ್ಟಿದ್ದಾರೆ. 2000ನೇ ಇಸವಿಯಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಪ್ರಕಟಿಸಿದರು. 100 ಗ್ರಾಂ ಸೇಬಿನಲ್ಲಿ ವಿಟಮಿನ್ ಸಿ ಇರುವುದು 6 ಮಿಲಿಗ್ರಾಂಗಿಂತ ಕಡಿಮೆ. ಆದರೆ ಅದೇ ಸೇಬಿನ ಆಂಟಿಆಕ್ಸಿಡೆಂಟ್ ಶಕ್ತಿ ಪ್ರಯೋಗಾಲಯದಲ್ಲಿ ಅಳೆದಾಗ 1,500 ಮಿಲಿಗ್ರಾಂ ವಿಟಮಿನ್ ಸಿಗೆ ಸಮ! ಗಾಜಿನ ಕೊಳವೆಯ ಲೆಕ್ಕ ನಮ್ಮ ಮೈಯೊಳಗೂ ಹಾಗೇ ನಡೆಯುತ್ತದೆಂದು ಹೇಳಲಾಗದು. ಆದರೂ ವಿಟಮಿನ್ನುಗಳ ಪಟ್ಟಿಯಲ್ಲಿ ಇಲ್ಲದ ಏನೋ ಒಂದು ಸೇಬಿನಲ್ಲಿದೆ ಎಂಬುದು ಅಂದಿಗೆ ಖಚಿತವಾಯಿತು.

ಆ ಏನೋ ಒಂದರ ದೊಡ್ಡ ಪಾಲು ಇರುವುದೆಲ್ಲಿ? ಸಿಪ್ಪೆಯಲ್ಲಿ. ಕ್ವೆರ್ಸೆಟಿನ್ ಎಂಬ ವಸ್ತು ಸೇಬಿನಲ್ಲಿ ಹೆಚ್ಚುಕಡಿಮೆ ಪೂರ್ತಿ ಸಿಪ್ಪೆಯಲ್ಲೇ ಇದೆ. ಕೆಂಪು ಬಣ್ಣ ಕೊಡುವ ಆಂಥೋಸಯನಿನ್ ಕೂಡ ಸಿಪ್ಪೆಯದೇ. ಆ ಫ್ಲೋರಿಜಿನ್ನಿನ ಲೇಶವೂ ಅಲ್ಲಿದೆ, ಬೀಜದಲ್ಲೂ ಇದೆ. ಲೇಶವೆಂದರೆ ಲೇಶವೇ, ಸಕ್ಕರೆ ಕಾಯಿಲೆಯ ಮಾತ್ರೆಯ ಕೆಲಸ ಅದರಿಂದ ಆಗುವುದಿಲ್ಲ. ಸೇಬು ತಿನ್ನುತ್ತಿದ್ದೇನೆಂದು ಮಾತ್ರೆ ಬಿಟ್ಟೀರಿ, ಜೋಕೆ. ಆದರೆ ಮನೆಗೆ ನೆಂಟರು ಬಂದಾಗ ನೀಟಾಗಿ ಸಿಪ್ಪೆ ಸುಲಿದು, ಬಿಳೀ ತಿರುಳನ್ನಷ್ಟೇ ತಟ್ಟೆಯಲ್ಲಿ ಜೋಡಿಸಿ ಕೊಡುತ್ತೇವಲ್ಲ, ಆಗ ಮರ್ಯಾದೆಗೆಂದು ಕಸದ ಬುಟ್ಟಿಗೆ ಹಾಕುತ್ತಿರುವುದು ಹಣ್ಣಿನ ಅತಿ ಬೆಲೆಯುಳ್ಳ ಭಾಗವನ್ನೇ.

ತಿರುಳಿನ ಮಹಿಮೆ ಬೇರೆ. ಅದರಲ್ಲಿ ಪೆಕ್ಟಿನ್ ಎಂಬ ನಾರಿದೆ. ಜಾಮ್ ಗಟ್ಟಿಯಾಗುವುದು ಅದರಿಂದಲೇ. ಹೊಟ್ಟೆಯಲ್ಲಿ ನೀರು ಹೀರಿ ಲೋಳೆಯಾಗಿ, ಸಕ್ಕರೆ ಒಮ್ಮೆಲೇ ರಕ್ತಕ್ಕೆ ನುಗ್ಗದಂತೆ ತಡೆಯುತ್ತದೆ. ನಮಗೆ ಅದನ್ನು ಜೀರ್ಣಿಸಿಕೊಳ್ಳಲು ಆಗುವುದಿಲ್ಲ, ಕರುಳಿನ ಬ್ಯಾಕ್ಟೀರಿಯಾಗಳಿಗೆ ಆಗುತ್ತದೆ. ಅವು ಅದನ್ನು ತಿಂದು ಬಿಡುವ ಸಣ್ಣ ಕೊಬ್ಬಿನಾಮ್ಲಗಳೇ ಕರುಳಿನ ಒಳಗೋಡೆಗೆ ಆಹಾರ. ಇಟಲಿಯ ಎಡ್ಮಂಡ್ ಮಾಖ್ ಪ್ರತಿಷ್ಠಾನ ಮತ್ತು ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು ಸೇರಿ, ಕೊಲೆಸ್ಟರಾಲ್ ಸ್ವಲ್ಪ ಹೆಚ್ಚಿದ್ದ 40 ಜನರಿಗೆ ಎಂಟು ವಾರ ದಿನಕ್ಕೆರಡು ಸೇಬು ಕೊಟ್ಟರು. ಮತ್ತೆಂಟು ವಾರ ಅಷ್ಟೇ ಸಕ್ಕರೆಯಿರುವ ಪಾನೀಯ ಕೊಟ್ಟರು. ಸೇಬು ತಿಂದ ವಾರಗಳ ಕೊನೆಗೆ ಒಟ್ಟು ಕೊಲೆಸ್ಟರಾಲ್, ಕೆಟ್ಟ ಕೊಲೆಸ್ಟರಾಲ್ ಎರಡೂ ಕಡಿಮೆಯಿದ್ದವು. ಶೇ 4ರಷ್ಟು ಮಾತ್ರ, ಆದರೆ ಬರೀ ಹಣ್ಣಿನಿಂದ! ಈ ವರದಿ 2020ರಲ್ಲಿ ಬಂತು. ಸೇಬಿನ ಜೀನುಗಳ ಪೂರ್ತಿ ಪಟ್ಟಿಯನ್ನು 2010ರಲ್ಲಿ ಮೊದಲು ಬಿಡಿಸಿದ್ದು ಕೂಡ ಇದೇ ಇಟಲಿಯ ಪ್ರತಿಷ್ಠಾನದವರ ಮುಂದಾಳುತನದ ತಂಡ. ಮನುಷ್ಯನಿಗಿರುವುದು ಸುಮಾರು 20 ಸಾವಿರ ಜೀನು. ಸೇಬಿಗೆ 57 ಸಾವಿರ ಎಂದು ಆಗ ಎಣಿಸಿದ್ದರು, 2017ರಲ್ಲಿ ಇನ್ನಷ್ಟು ನಿಖರವಾಗಿ ಎಣಿಸಿದಾಗ 42 ಸಾವಿರ ಆಯಿತು. ಆದರೂ ನಮ್ಮ ಎರಡರಷ್ಟು! ಇಂದಿನ ಸೇಬಿಗೆ ಈ ಆಸ್ತಿ ಬಂದದ್ದು ಕಝಾಕಸ್ತಾನದ ಬೆಟ್ಟಗಳಲ್ಲಿ ಚಳಿ, ಹುಳ, ಬೂಷ್ಟುಗಳ ಜೊತೆ ಲಕ್ಷಾಂತರ ವರ್ಷ ಏಗಿದ ಕಾಡುಸೇಬಿನಿಂದ. ಓಡಲಾಗದ ಮರ ರಾಸಾಯನಿಕಗಳಿಂದಲೇ ಕಾದಾಡಬೇಕು. ಆ ಕಾದಾಟದ ಆಯುಧಗಳೇ ಇವತ್ತು ನಮ್ಮ ಆರೋಗ್ಯಕ್ಕೆ ಒದಗುತ್ತಿವೆ.

ಇನ್ನೊಂದು ಬೆರಗು ಹೇಳಲೇಬೇಕು. ಆಸ್ಟ್ರಿಯಾದ ಗ್ರಾಜ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು 2019ರಲ್ಲಿ ಒಂದು ಸೇಬಿನೊಳಗೆ ಎಷ್ಟು ಬ್ಯಾಕ್ಟೀರಿಯಾ ಇವೆಯೆಂದು ಲೆಕ್ಕ ಹಾಕಿದರು. ಸುಮಾರು 10 ಕೋಟಿ! ಹೆಚ್ಚಿನವು ನಡುವಿನ ದಿಂಡಿನಲ್ಲಿ, ಬೀಜದಲ್ಲಿ. ದಿಂಡು ಬಿಸಾಡಿದರೆ ಉಳಿಯುವುದು ಒಂದು ಕೋಟಿಯಷ್ಟು. ಬ್ಯಾಕ್ಟೀರಿಯಾ ಎಂದೊಡನೆ ಹೆದರಬೇಡಿ, ಇವು ಹಣ್ಣಿನ ಸಹವಾಸಿಗಳು. ರಾಸಾಯನಿಕ ಬಳಸದೆ ಬೆಳೆದ ಸೇಬಿನಲ್ಲಿ ಅವುಗಳ ಬಗೆಗಳೂ ಹೆಚ್ಚು. ದಿಂಡನ್ನು ತಿನ್ನಬಹುದು, ಬೀಜವನ್ನು ಮಾತ್ರ ಅಗಿಯಬಾರದು. ಬೀಜದಲ್ಲಿ ಅಮಿಗ್ಡಾಲಿನ್ ಇದೆ, ಅಗಿದರೆ ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಅಪ್ಪಿತಪ್ಪಿ ಒಂದೆರಡು ನುಂಗಿದರೆ ಏನೂ ಆಗದು, ಆದರೆ ಇಡೀ ಹಣ್ಣನ್ನು ಬೀಜದ ಸಮೇತ ಮಿಕ್ಸಿಗೆ ಹಾಕುವ ಅಭ್ಯಾಸ ಒಳ್ಳೆಯದಲ್ಲ.

ದಿನಕ್ಕೊಂದು ಸೇಬು ತಿಂದರೆ ವೈದ್ಯರು ಬೇಡ ಎಂಬ ಮಾತು ನಮ್ಮ ಶಾಲೆಗಳ ಗೋಡೆಯ ಮೇಲೂ ಇದೆ. 1866ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಗಾದೆಯಾಗಿ ಅದು ಮೊದಲು ಅಚ್ಚಾಯಿತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬದುಕಿನುದ್ದಕ್ಕೂ ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದೆಂದು ಹೇಳಿಕೊಟ್ಟವರು. ಅವರ ಸೀಮೆಯವರು ಈ ಗಾದೆಯನ್ನೂ ಪ್ರಶ್ನಿಸಬೇಕಲ್ಲ! ಪ್ರಶ್ನಿಸಿದವರು ಇದ್ದಾರೆ. ಅಮೆರಿಕದ 8,399 ಜನರ ಮಾಹಿತಿಯನ್ನು ಜಾಲಾಡಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಓದು, ವಯಸ್ಸು, ಆರೋಗ್ಯದ ಸ್ಥಿತಿಯಂಥ ವ್ಯತ್ಯಾಸಗಳನ್ನು ಸರಿದೂಗಿಸಿ ನೋಡಿದರೆ, ದಿನಕ್ಕೊಂದು ಸೇಬು ತಿನ್ನುವವರೂ ಉಳಿದವರಷ್ಟೇ ವೈದ್ಯರ ಹತ್ತಿರ ಹೋಗುತ್ತಿದ್ದರು. ಆದರೆ ವೈದ್ಯರು ಬರೆದುಕೊಡುವ ಔಷಧಿಗಳನ್ನು ಸ್ವಲ್ಪ ಕಡಿಮೆ ತೆಗೆದುಕೊಳ್ಳುತ್ತಿದ್ದರು. ಗಾದೆ ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ.

ಈಗ ಬರುತ್ತದೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಸಂಗತಿ. 2013ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಒಂದು ದೊಡ್ಡ ಅಧ್ಯಯನ ಪ್ರಕಟಿಸಿತು. ಅಮೆರಿಕದ ದಾದಿಯರು, ಆರೋಗ್ಯ ಕ್ಷೇತ್ರದ ಕೆಲಸಗಾರರು ಸೇರಿ 1,87,382 ಜನ. ವರ್ಷಾನುಗಟ್ಟಲೆ ಅವರು ಏನು ತಿಂದರು, ಯಾರಿಗೆ ಸಕ್ಕರೆ ಕಾಯಿಲೆ ಬಂತು ಎಂದು ಬರೆದಿಟ್ಟ ಲೆಕ್ಕ. ವಾರಕ್ಕೆ ಮೂರು ಸಲ ಹೆಚ್ಚಿಗೆ ಸೇಬು ಅಥವಾ ಪೇರ್ ಹಣ್ಣು ತಿನ್ನುವವರಲ್ಲಿ ಕಾಯಿಲೆಯ ಸಾಧ್ಯತೆ ಶೇ 7ರಷ್ಟು ಕಡಿಮೆ ಕಂಡಿತು. ದ್ರಾಕ್ಷಿ ತಿನ್ನುವವರಲ್ಲಿ? ಶೇ 12! ಸೇಬನ್ನು ಹಿಂದೆ ಹಾಕಿ ದ್ರಾಕ್ಷಿ ಮುಂದೆ ನಿಂತಿತ್ತು. ಎಲ್ಲಕ್ಕಿಂತ ಮೇಲೆ ಇದ್ದದ್ದು ನಮ್ಮಲ್ಲಿ ಅಪರೂಪವಾದ ಬ್ಲೂಬೆರಿ, ಶೇ 26. ಹಣ್ಣಿನ ರಸ ಕುಡಿಯುವವರಲ್ಲಿ ಮಾತ್ರ ಲೆಕ್ಕ ತಿರುಗುಮುರುಗಾಗಿ, ಕಾಯಿಲೆಯ ಸಾಧ್ಯತೆ ಶೇ 8 ಹೆಚ್ಚಿತ್ತು. ಇದು ಒಡನಾಟದ ಲೆಕ್ಕ, ಕಾರಣದ ಸಾಕ್ಷಿಯಲ್ಲ, ಅವರು ತಿಂದದ್ದು ನಮ್ಮ ತಳಿಯ ದ್ರಾಕ್ಷಿಯೂ ಅಲ್ಲ. ಆದರೂ ನಂದಿ ಬೆಟ್ಟದ ಮೇಲೆ ನಿಂತು ಕೆಳಗೆ ಕಣ್ಣು ಹಾಯಿಸಿದರೆ ಚಪ್ಪರ ಚಪ್ಪರವಾಗಿ ಕಾಣುವುದು ಏನು? ದ್ರಾಕ್ಷಿಯೇ ಅಲ್ಲವೇ!

ಚಿಕ್ಕಬಳ್ಳಾಪುರದ ಸುತ್ತಿನ ದ್ರಾಕ್ಷಿ ತೋಟಗಳಲ್ಲಿ ದಿಲ್‌ಖುಷ್ ಇದೆ, ರೆಡ್ ಗ್ಲೋಬ್ ಇದೆ, ಎಲ್ಲಕ್ಕಿಂತ ನಮ್ಮದು ಎನ್ನಬಹುದಾದ ಬೆಂಗಳೂರು ಬ್ಲೂ ಇದೆ. 2013ರಲ್ಲಿ, ಆ ಅಧ್ಯಯನ ಬಂದ ವರ್ಷವೇ, ಈ ದ್ರಾಕ್ಷಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಒಂದು ಹಣ್ಣು ಬೆರಳ ತುದಿಯಲ್ಲಿ ಹಿಡಿದು ಮೆಲ್ಲಗೆ ಅದುಮಿ. ಹಸಿರು ತಿರುಳು ಪುಳಕ್ಕನೆ ಬಾಯಿಗೆ ಜಾರುತ್ತದೆ, ದಪ್ಪ ಕಪ್ಪು ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಸಿಪ್ಪೆಯನ್ನು ಉಜ್ಜಿದರೆ ಬೆರಳಿಗೆ ನೇರಳೆ ಬಣ್ಣ ಹತ್ತುತ್ತದೆ, ಬೇಗ ಹೋಗುವುದೂ ಇಲ್ಲ. ಆ ಬಣ್ಣವೇ ಆಂಥೋಸಯನಿನ್. ಬ್ಲೂಬೆರಿಯನ್ನು ನೀಲಿ ಮಾಡಿದ್ದು ಇದೇ ಬಳಗದ ಬಣ್ಣ, ಕೆಂಪು ಸೇಬಿನ ಕೆನ್ನೆ ಕೆಂಪಾಗಿಸಿದ್ದೂ ಇದೇ ಬಳಗ. ನಾವೋ ಚಿಕ್ಕವರಿದ್ದಾಗಿನಿಂದ ತಿರುಳು ಹೀರಿ, ಸಿಪ್ಪೆ ಉಗುಳಿ ರೂಢಿ! ಹುಳಿ, ಒಗರು ಎಂದು ದೂರಬೇಡಿ. ಆ ಒಗರೇ ಪಾಲಿಫಿನಾಲಿನ ರುಚಿ. ಚೆನ್ನಾಗಿ ತೊಳೆದು ಸಿಪ್ಪೆಯ ಸಮೇತ ಅಗಿಯಿರಿ. ಸಕ್ಕರೆ ಕಾಯಿಲೆ ಇದ್ದವರು ಬುಟ್ಟಿ ಮುಂದಿಟ್ಟುಕೊಂಡು ಕೂರದೆ ಒಂದು ಪುಟ್ಟ ಗೊಂಚಲಿಗೆ ನಿಲ್ಲಿಸಬೇಕು, ಅಷ್ಟೇ.

ದ್ರಾಕ್ಷಿಯ ಬೆರಗು ಇಳಿಯುವ ಮೊದಲೇ ಶಿಡ್ಲಘಟ್ಟದ ದಾರಿ ಹಿಡಿಯೋಣ. ಅಲ್ಲಿ ಕಾದಿರುವುದು ಇದಕ್ಕಿಂತ ದೊಡ್ಡದು.

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯ ಹೆಸರು ಕೇಳದ ರೇಷ್ಮೆ ಬೆಳೆಗಾರರು ಈ ರಾಜ್ಯದಲ್ಲಿಲ್ಲ. ಊರ ಸುತ್ತ ಎಲ್ಲಿ ನೋಡಿದರೂ ಹಿಪ್ಪುನೇರಳೆ. ಸೊಪ್ಪು ಕೊಯ್ಯುವುದು, ಹುಳು ಮನೆಗೆ ಹೊರುವುದು, ಹುಳು ಜ್ವರಕ್ಕೆ ಕೂತಾಗ ಕಾಯುವುದು, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವುದು, ಮನೆಮಂದಿಯ ದಿನವೆಲ್ಲ ಹೀಗೇ ಸಾಗುತ್ತದೆ. ಎಲೆಯ ತೊಟ್ಟು ಮುರಿದರೆ ಬಿಳೀ ಹಾಲು ಜಿನುಗುತ್ತದೆ, ಕೈಗೆ ಅಂಟುತ್ತದೆ. ಯಾರೂ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಆ ಹಾಲಿನಲ್ಲಿ ಸಕ್ಕರೆಯ ವೇಷ ಹಾಕಿದ ಕಳ್ಳನೊಬ್ಬ ಇದ್ದಾನೆ!

ಹೆಸರು ಡಿಎನ್‌ಜೆ, ಪೂರ್ತಿ ಹೇಳುವುದಾದರೆ ಡಿಆಕ್ಸಿನೊಜಿರಿಮೈಸಿನ್. 1976ರಲ್ಲಿ ಜಪಾನಿನವರು ಹಿಪ್ಪುನೇರಳೆಯ ಬೇರಿನ ತೊಗಟೆಯಿಂದ ಅದನ್ನು ಬೇರ್ಪಡಿಸಿದರು. ಗಮನಿಸಿ, ಅಲ್ಲಿ ಸೇಬಿನ ಬೇರಿನ ತೊಗಟೆ, ಇಲ್ಲಿ ಹಿಪ್ಪುನೇರಳೆಯ ಬೇರಿನ ತೊಗಟೆ! ಈ ಅಣು ನೋಡಲು ಥೇಟ್ ಗ್ಲೂಕೋಸಿನ ಹಾಗೆ. ಕರುಳಿನಲ್ಲಿ ಅನ್ನ, ಮುದ್ದೆಗಳ ಪಿಷ್ಟವನ್ನು ಕೊನೆಗೆ ಗ್ಲೂಕೋಸಾಗಿ ಒಡೆಯುವ ಕಿಣ್ವಗಳು ಇದನ್ನು ಗ್ಲೂಕೋಸೆಂದೇ ನಂಬಿ ಹಿಡಿದುಕೊಂಡು ಕೈಕಟ್ಟಿ ಕೂರುತ್ತವೆ. ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ. ಇದರ ಅಚ್ಚಿನಲ್ಲಿ ಕಟ್ಟಿದ ಮಿಗ್ಲಿಟಾಲ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಗೆ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಸೇಬಿನ ಮರದ ಮಾತ್ರೆ ಮೂತ್ರಪಿಂಡದಲ್ಲಿ ಸಕ್ಕರೆಯನ್ನು ಹೊರಗೆ ಕಳಿಸಿದರೆ, ಹಿಪ್ಪುನೇರಳೆಯ ಮಾತ್ರೆ ಕರುಳಿನಲ್ಲಿ ಸಕ್ಕರೆಯನ್ನು ಬಾಗಿಲಲ್ಲೇ ತಡೆಯುತ್ತದೆ. ಒಂದೇ ಕಾಯಿಲೆಗೆ ಎರಡು ಮರ, ಎರಡು ಬಾಗಿಲು!

ಹಾಗಾದರೆ ರೇಷ್ಮೆ ಹುಳು ಹೇಗೆ ಬದುಕಿದೆ? ಹಗಲೂ ರಾತ್ರಿ ಅದೇ ಸೊಪ್ಪು ತಿನ್ನುತ್ತದಲ್ಲ. ಈ ಪ್ರಶ್ನೆಗೆ 2006ರಲ್ಲಿ ಜಪಾನಿನ ವಿಜ್ಞಾನಿಗಳು ಉತ್ತರ ಕೊಟ್ಟರು. ಹಿಪ್ಪುನೇರಳೆಯ ಹಾಲಿನಲ್ಲಿರುವ ಈ ನಕಲಿ ಸಕ್ಕರೆಗಳು ಹುಳುಗಳ ವಿರುದ್ಧ ಗಿಡ ಕಟ್ಟಿಕೊಂಡ ಕೋಟೆ. ಹರಳೆಲೆ ತಿನ್ನುವ ಎರಿ ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಎಲೆ ಕೊಟ್ಟರೆ ಬೆಳೆಯದೆ ಸಾಯುತ್ತದೆ. ಎಲೆಯಿಂದ ಹಾಲು ತೆಗೆದು ಕೊಟ್ಟರೆ ಬೆಳೆಯುತ್ತದೆ! ನಮ್ಮ ರೇಷ್ಮೆ ಹುಳುವಿನ ಕಿಣ್ವಗಳು ಮಾತ್ರ ಈ ಮೋಸಕ್ಕೆ ಬೀಳುವುದಿಲ್ಲ. ಶಿಡ್ಲಘಟ್ಟದ ಹುಳು ಮನೆಗಳಲ್ಲಿ ಸೊಪ್ಪು ಮೇಯುವ ಚರಚರ ಸದ್ದು ಮಳೆ ಬಂದಂತೆ ಕೇಳುತ್ತದಲ್ಲ, ಅದು ಕೋಟೆ ದಾಟಿ ಬಂದವರ ಸದ್ದು. ಇದರ ಜೊತೆ ಗಿಡದಲ್ಲಿ ಬಿಡುವ ಕಪ್ಪು ಹಣ್ಣೂ ಇದೆ. ಮಕ್ಕಳು ಅದನ್ನು ತಿಂದು ನಾಲಿಗೆ ಬಣ್ಣ ಮಾಡಿಕೊಳ್ಳುತ್ತವೆ, ದೊಡ್ಡವರು ಸೊಪ್ಪಿನ ಗಡಿಬಿಡಿಯಲ್ಲಿ ಮರೆತುಬಿಡುತ್ತಾರೆ. ಅದರ ಕಪ್ಪು ಕೂಡ ಆಂಥೋಸಯನಿನ್ ಬಳಗದ ಬಣ್ಣವೇ. ಆದರೆ ತೋಟಕ್ಕೆ ಔಷಧಿ ಹೊಡೆದಿದ್ದರೆ ಆ ಹಣ್ಣಿನ ತಂಟೆಗೆ ಹೋಗಬಾರದು.

ಸೇಬನ್ನೇ ಇಲ್ಲಿ ಬೆಳೆಯಲಾಗದೇ ಎಂದು ಕೇಳುವವರಿಗೂ ಉತ್ತರವಿದೆ. ಬೆಂಗಳೂರು ಒಂದು ಕಾಲಕ್ಕೆ ಸೇಬು ಬೆಳೆದ ಊರು! ರೋಮ್ ಬ್ಯೂಟಿ ಎಂಬ ತಳಿ ಇಲ್ಲಿ ವರ್ಷಕ್ಕೆ ಎರಡು ಬೆಳೆ ಕೊಡುವ ಬಗೆಯನ್ನು ಮೈಸೂರು ಸರ್ಕಾರದ ತೋಟಗಾರಿಕೆಯ ಹೊಣೆ ಹೊತ್ತಿದ್ದ ಎಚ್.ಸಿ. ಜವರಾಯರು 1943ರಲ್ಲೇ ಬರೆದಿದ್ದಾರೆ. ಸಾಮಾನ್ಯ ಸೇಬಿನ ಮರಕ್ಕೆ ಏಳು ಡಿಗ್ರಿಗಿಂತ ಕೆಳಗಿನ ಚಳಿ ಸಾವಿರ ಗಂಟೆಯ ಆಸುಪಾಸು ಬೇಕು. ನಮ್ಮ ಬಯಲಿನಲ್ಲಿ ಅದೆಲ್ಲಿ ಸಿಗಬೇಕು? ಆದರೆ ಇಸ್ರೇಲಿನ ಅನ್ನಾ, ಬಹಾಮಾ ದ್ವೀಪದ ಡಾರ್ಸೆಟ್ ಗೋಲ್ಡನ್ ತಳಿಗಳಿಗೆ ಅಷ್ಟು ಚಳಿ ಬೇಡ. ಹಿಮಾಚಲದ ಬಿಲಾಸಪುರ ಜಿಲ್ಲೆಯ ಪನಿಯಾಲ ಗ್ರಾಮದ ರೈತ ಹರಿಮನ್ ಶರ್ಮಾ 40 ಡಿಗ್ರಿ ಬಿಸಿಲು ತಡೆಯುವ ತಳಿಯನ್ನೇ ರೂಪಿಸಿದರು, ಅದು ಎಚ್‌ಆರ್‌ಎಂಎನ್-99. ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಇಂಥ ತಳಿಗಳ ಸಸಿ ತಂದು ನೆಟ್ಟ ರೈತರು ನಮ್ಮ ಬಯಲುಸೀಮೆಯಲ್ಲೂ ಇದ್ದಾರೆ. ರಾಗಿ ಹೊಲದ ಪಕ್ಕದಲ್ಲಿ ಸೇಬು ಕೆಂಪಾಗುವುದನ್ನು ನೋಡುವ ಆನಂದ ದೊಡ್ಡದು. ಆದರೆ ಸಾವಿರ ಅಡಿ ಕೊರೆದರೂ ನೀರು ಕಾಣದ ಕೊಳವೆಬಾವಿಗಳ ನಾಡಿದು, ಎಕರೆಗಟ್ಟಲೆ ಹಾಕುವ ಮುನ್ನ ನಾಲ್ಕು ಸಲ ಯೋಚಿಸಬೇಕೆಂಬುದು ನನ್ನ ಅಭಿಪ್ರಾಯ.

ಕೊಳವೆಬಾವಿಯ ಮಾತು ಬಂದ ಮೇಲೆ ಅದರ ನೀರಿನ ಮಾತನ್ನೂ ಆಡಲೇಬೇಕು. ಗೌರಿಬಿದನೂರು, ಚಿಂತಾಮಣಿ ಕಡೆಯ ಎಷ್ಟೋ ಹಳ್ಳಿಗಳ ಆಳದ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ಅದು ಮೀರಿದ ಊರುಗಳಲ್ಲಿ ಮಕ್ಕಳ ಹಲ್ಲು ಕಂದಾಗುತ್ತದೆ, ದೊಡ್ಡವರ ಕೀಲು ಬಿಗಿಯುತ್ತದೆ, ಇದೇ ಫ್ಲೋರೋಸಿಸ್. ಮೊದಲ ಪರಿಹಾರ ಶುದ್ಧ ನೀರು, ಅನುಮಾನವೇ ಇಲ್ಲ. ಅದರ ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಸಿ, ಕಬ್ಬಿಣ ತುಂಬಿದ ಊಟ ಬೇಕೆಂದು ಫ್ಲೋರೋಸಿಸ್ ತಜ್ಞರು ಹೇಳುತ್ತಾರೆ. ಕ್ಯಾಲ್ಸಿಯಮ್ಮಿಗೆ ನಮ್ಮ ರಾಗಿಯಿದೆ, ಹಾಲಿದೆ. ವಿಟಮಿನ್ ಸಿಗೆ? ಇಲ್ಲಿ ಸೇಬು ಕೈಕೊಡುತ್ತದೆ, 100 ಗ್ರಾಂಗೆ ನಾಲ್ಕೈದು ಮಿಲಿಗ್ರಾಂ ಅಷ್ಟೇ. ಸೀಬೆ ಹಣ್ಣಿನಲ್ಲಿ 200 ಮಿಲಿಗ್ರಾಂ ಮೀರಿ ಇದೆ. ನಲವತ್ತು ಪಟ್ಟು! ವಯಸ್ಕ ಗಂಡಸರಿಗೆ ದಿನಕ್ಕೆ ಬೇಕಾದದ್ದು 80 ಮಿಲಿಗ್ರಾಂ. ಬಸ್ ನಿಲ್ದಾಣದಲ್ಲಿ ಉಪ್ಪು, ಖಾರದಪುಡಿ ಸವರಿ ಕೊಡುವ ಅರ್ಧ ಸೀಬೆಯಲ್ಲಿ ಅದು ಪೂರೈಸಿಹೋಗುತ್ತದೆ. ಬೆಟ್ಟದ ನೆಲ್ಲಿಕಾಯಿ ಇನ್ನೂ ಒಂದು ಕೈ ಮೇಲು. ಸೇಬಿನ ಪೆಕ್ಟಿನ್ ಸೀಬೆಯಲ್ಲೂ ಇದೆ, ಬೆಲೆ ಮಾತ್ರ ಸೇಬಿನ ಹತ್ತಿರಕ್ಕೂ ಬರುವುದಿಲ್ಲ.

ಸೇಬು ಕೊಳ್ಳುವವರು ಕೊಳ್ಳಿ, ಒಳ್ಳೆಯದೇ. ಊಟಕ್ಕೆ ಕಾಲು ಗಂಟೆ ಮುಂಚೆ ಇಡೀ ಹಣ್ಣು ತಿಂದವರು ಊಟದಲ್ಲಿ ಶೇ 15ರಷ್ಟು ಕಡಿಮೆ ಶಕ್ತಿ ಸೇವಿಸಿದರೆಂದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದವರು 2009ರಲ್ಲಿ ತೋರಿಸಿದ್ದಾರೆ. ಅದೇ ಸೇಬಿನ ರಸ ಕುಡಿದಾಗ ಆ ಗುಣ ಬರಲಿಲ್ಲ. ಸಿಪ್ಪೆಯ ಮೇಲಿನ ಹೊಳಪಿನ ಬಗ್ಗೆ ಅನುಮಾನವಿದ್ದರೆ ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ಅಡುಗೆ ಸೋಡಾ ಕದಡಿ, ಕಾಲು ಗಂಟೆ ಹಣ್ಣು ನೆನೆಸಿಟ್ಟು, ತಿಕ್ಕಿ ತೊಳೆಯಿರಿ. ಮೇಲ್ಮೈಯ ಕೀಟನಾಶಕವನ್ನು ಬರೀ ನೀರಿಗಿಂತ ಸೋಡಾ ನೀರು ಚೆನ್ನಾಗಿ ತೆಗೆಯುತ್ತದೆಂದು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ ಸೇಬಿನ ಮೇಲೇ ಪರೀಕ್ಷಿಸಿ ಹೇಳಿದ್ದಾರೆ. ಸಿಪ್ಪೆಯೊಳಗೆ ಇಳಿದ ಸ್ವಲ್ಪ ಭಾಗ ಹೋಗುವುದಿಲ್ಲ, ಅದೂ ನಿಜ.

ಕೊನೆಯದಾಗಿ, ಶಾಲಾಭಿವೃದ್ಧಿ ಸಮಿತಿಗಳಲ್ಲಿ, ಗ್ರಾಮ ಪಂಚಾಯಿತಿಗಳಲ್ಲಿ ಕೂರುವ ಚಿಂತಾಮಣಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಗೌರಿಬಿದನೂರು ಈ ನಾಲ್ಕೂ ತಾಲ್ಲೂಕಿನ ಹಿರಿಯರಲ್ಲಿ ಒಂದು ವಿನಂತಿ. ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ಪದ್ಧತಿ ಇದೆ, ಅದು ಹಾಗೇ ಇರಲಿ. ಸೀಬೆಯ ಕಾಲ ಬಂದಾಗ ದಾನಿಗಳನ್ನೋ ಊರಿನ ತೋಟದವರನ್ನೋ ಕೇಳಿ, ಫ್ಲೋರೈಡ್ ನೀರಿನ ಹಳ್ಳಿಗಳ ಶಾಲೆಗಳಿಗಾದರೂ ವಾರಕ್ಕೆರಡು ದಿನ ಎಲ್ಲ ಮಕ್ಕಳಿಗೂ ಒಂದೊಂದು ಸೀಬೆ ಹಣ್ಣು ಸಿಗುವಂತೆ ಮಾಡಿ. ತೊಳೆದು, ಸಿಪ್ಪೆಯ ಸಮೇತ ಕೊಡಿ.